ಸಕ್ಕರೆ ಕಾಯಿಲೆ: ರಕ್ತದ ಕೊಬ್ಬು ಮತ್ತು ಕಣ್ಣು

ಗಲ್ಲಾದಲ್ಲಿ ಕೂರುವ ನಮ್ಮಲ್ಲಿ ಹಲವರು ಸಕ್ಕರೆಯೊಂದನ್ನೇ ಪರೀಕ್ಷೆ ಮಾಡಿಸಿ ನಿಶ್ಚಿಂತರಾಗುತ್ತೇವೆ. ಆದರೆ ಈ ಕಾಯಿಲೆಯಲ್ಲಿ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಸೋರಿದ ಕೊಬ್ಬು ಹಳದಿ ಚುಕ್ಕೆಗಳಾಗಿ ಗಟ್ಟಿಯಾಗುತ್ತದೆ. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೆ ಚುಕ್ಕೆಗಳೂ ಹೆಚ್ಚು. ಅವು ದೃಷ್ಟಿಯ ನಡುಭಾಗಕ್ಕೆ ಬಂದರೆ ಬಿಲ್ಲಿನ ಅಂಕಿಯೂ ಮಸುಕು. ಮೊದಲಿಗೆ ನೋವಿಲ್ಲ, ಸುಳಿವೂ ಇಲ್ಲ.

ಕೊಬ್ಬನ್ನು ಇಳಿಸುವುದರಲ್ಲಿ ಆಹಾರಕ್ಕೂ ಪಾತ್ರವಿದೆ. ಹೈದರಾಬಾದಿನ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ 19 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2021ರಲ್ಲಿ ವರದಿ ಪ್ರಕಟಿಸಲಾಯಿತು. ಸಿರಿಧಾನ್ಯ ತಿಂದವರ ಒಟ್ಟು ಕೊಲೆಸ್ಟರಾಲ್ ಸುಮಾರು ಶೇ. 8ರಷ್ಟು ಇಳಿದಿತ್ತು. ಇದು ಕಣ್ಣಿಗೆ ಔಷಧವಲ್ಲ. ಆದರೂ ಅನ್ನದ ಬದಲು ಜೋಳದ ರೊಟ್ಟಿ ನಮ್ಮ ಎಲೆಗೂ ಬರಲಿ.

ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಒಳಭಾಗ ತೋರಿಸೋಣ, ಕೊಬ್ಬಿನ ಪರೀಕ್ಷೆಯನ್ನೂ ಮಾಡಿಸೋಣ. ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ಕಾಯುವುದು ಬೇಡ.