ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ

ಸಕ್ಕರೆ ಕಾಯಿಲೆಯವರ ಕಿಸೆಯಲ್ಲಿ ಸಕ್ಕರೆ ಇರಬೇಕೆಂದರೆ ಕೇಳಿದವರು ನಗುತ್ತಾರೆ. ನಾನೂ ಹಿಂದೆ ನಕ್ಕವನೇ. ನಮ್ಮ ಖೋಲಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಪಾಳಿ ಮುಗಿಸಿ ಬಂದವರು ಬಾಗಿಲಲ್ಲೇ ತೂರಾಡಿದರು. ಮೈಯೆಲ್ಲ ಬೆವರು, ತೊದಲು ಮಾತು, ಏನು ಕೇಳಿದರೂ ಸಿಟ್ಟು. “ಕಾಕಾ, ಇವತ್ತ ಭಾಳ ಆಗೇದ, ಸುಮ್ಮನ ಮಲಕೋರಿ” ಎಂದು ಒಬ್ಬ ನಕ್ಕು ಚಾಪೆ ಹಾಸಿಕೊಟ್ಟ. ಅವರು ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲವೆಂಬುದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಪಕ್ಕದ ಖೋಲಿಯ ತಾಯಿ ತಮ್ಮ ಮಗನಿಗೆ ಇನ್ಸುಲಿನ್ ಕೊಡುವವರು. ಅವರು ಬಂದು ನೋಡಿ ಕೂಡಲೇ ಸಕ್ಕರೆ ನೀರು ಕುಡಿಸಿದರು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಕಾಕಾ ನಮ್ಮ ಹೆಸರು ಹಿಡಿದು ಮಾತಾಡಿದರು.

ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಔಷಧದ ಪ್ರಮಾಣ ಹೇಳುವುದು ವೈದ್ಯರ ಕೆಲಸ. ಆ ರಾತ್ರಿಯ ನಂತರ ಕೇಳಿ, ಓದಿ ತಿಳಿದುಕೊಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಈ ಅಪಾಯವು ಇನ್ಸುಲಿನ್ನಿನಷ್ಟೇ ಹಳೆಯದು. ಕೆನಡಾದ ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಇದನ್ನು ಮೊದಲು ಕೊಟ್ಟರು. ಔಷಧವನ್ನು ಶುದ್ಧಗೊಳಿಸುತ್ತಿದ್ದ ಕಾಲಿಪ್ ಎಂಬ ವಿಜ್ಞಾನಿಯು ಮೊಲಗಳ ಮೇಲೆ ಪರೀಕ್ಷೆ ನಡೆಸಿದಾಗ, ಪ್ರಮಾಣ ಹೆಚ್ಚಾದ ಮೊಲಗಳಿಗೆ ಸೆಳವು ಬಂದುದನ್ನೂ, ಗ್ಲೂಕೋಸ್ ಕೊಟ್ಟೊಡನೆ ಅವು ಚೇತರಿಸಿಕೊಂಡುದನ್ನೂ ಕಂಡಿದ್ದನು. ಇಂದಿಗೂ ಉಪಾಯ ಅದೇ.

ಆರೋಗ್ಯವಂತನ ಮೈಯಲ್ಲಿ ಉಂಡಷ್ಟಕ್ಕೆ ತಕ್ಕಷ್ಟೇ ಇನ್ಸುಲಿನ್ ಹೊರಬರುತ್ತದೆ. ಸಕ್ಕರೆ ಇಳಿದರೆ ತಾನೇ ನಿಲ್ಲುತ್ತದೆ. ಸೂಜಿಯಿಂದ ಒಳಗೆ ಹೋದದ್ದು ಹಾಗೆ ನಿಲ್ಲುವುದಿಲ್ಲ. ನಾವು ಉಂಡರೂ ಬಿಟ್ಟರೂ ಅದು ತನ್ನ ಹೊತ್ತಿಗೆ ತನ್ನ ಕೆಲಸ ಮಾಡಿಯೇ ತೀರುತ್ತದೆ. ಹಳೆಯ ತರಹದ ತಿಳಿ ಇನ್ಸುಲಿನ್ ಅರ್ಧ ಗಂಟೆಗೆ ಆರಂಭವಾಗಿ, ಎರಡರಿಂದ ನಾಲ್ಕು ಗಂಟೆಯೊಳಗೆ ಬಲಗೊಂಡು, ಆರೆಂಟು ಗಂಟೆ ಇರುತ್ತದೆ. ಹೊಸ ಶೀಘ್ರ ಇನ್ಸುಲಿನ್ ಹದಿನೈದು ನಿಮಿಷದಲ್ಲೇ ಆರಂಭವಾಗುತ್ತದೆ. 30/70 ಎಂದು ಬರೆದಿರುವ ಬಿಳುಪಾದ ಮಿಶ್ರಣದಲ್ಲಿ ನಿಧಾನದ ಪಾಲೇ ಹೆಚ್ಚು. ಬೆಳಗಿನ ನಾಷ್ಟಾಕ್ಕೆ ಮುಂಚೆ ಚುಚ್ಚಿಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಆದುದರಿಂದ ಸಾಹೇಬರ ಕೆಲಸವೆಂದು ಊಟವನ್ನು ಮೂರು ಗಂಟೆಗೆ ತಳ್ಳುವ ಗುಮಾಸ್ತನಿಗೆ ಇದು ತೊಂದರೆ ಕೊಡುತ್ತದೆ.

ಮದುವೆ ಊಟವಂತೂ ದೊಡ್ಡ ಬಲೆ. ಮನೆಯಲ್ಲೇ ಚುಚ್ಚಿಕೊಂಡು ಹೊರಟರೆ, ಅಲ್ಲಿ ಮೊದಲ ಪಂಕ್ತಿ ತಪ್ಪಿ ಒಂದು ಗಂಟೆ ಕಾಯಬೇಕಾದೀತು. ಎಲೆಯ ಮುಂದೆ ಕೂರುವುದು ನಿಶ್ಚಯವಾದ ಮೇಲೆಯೇ ಸೂಜಿ. ಪೂರಿ, ಬಜ್ಜಿಯಂಥ ಎಣ್ಣೆಯ ಪದಾರ್ಥವು ಹೊಟ್ಟೆಯಿಂದ ನಿಧಾನವಾಗಿ ಇಳಿಯುವುದರಿಂದ, ಶೀಘ್ರ ಇನ್ಸುಲಿನ್ ತೆಗೆದುಕೊಂಡವರಿಗೆ ಉಂಡ ಮೇಲೂ ಸಕ್ಕರೆ ಇಳಿಯುವುದುಂಟು.

ಕಾಕಾನ ಕಥೆಯಲ್ಲಿ ಇನ್ನೊಂದು ಕಾರಣವೂ ಸೇರಿತ್ತು. ಎಂಟು ಗಂಟೆಗೆ ಚುಚ್ಚಿಕೊಂಡು ಡಬ್ಬಿ ಬಿಚ್ಚಿದವರು, ಕರೆ ಬಂತೆಂದು ಅರ್ಧ ಊಟಕ್ಕೇ ಎದ್ದಿದ್ದರು. ಹಮಾಲರು ಕಡಿಮೆಯಿದ್ದ ಕಾರಣ ಬಟ್ಟೆಯ ಮೂಟೆಗಳಿಗೆ ಹೆಗಲು ಕೊಟ್ಟರು. ಬಸ್ಸು ಸಿಗದೆ ನಡೆದೇ ಬಂದರು. ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ದುಡಿತ ನಿಂತ ಮೇಲೂ, ಖರ್ಚಾದ ದಾಸ್ತಾನು ತುಂಬಿಕೊಳ್ಳಲು ಇಡೀ ದಿನ ಎಳೆಯುತ್ತಲೇ ಇರಬಹುದು. ಆದುದರಿಂದ ಸಂಜೆ ಆಡಿದವನಿಗೆ ನಡುರಾತ್ರಿಯಲ್ಲಿ ಇಳಿದೀತು. ನಡೆಯುವ ಮುಂಚೆ ತೊಡೆಗೆ ಚುಚ್ಚಿಕೊಂಡರೆ ಔಷಧ ಬೇಗ ಹೀರಿಕೊಳ್ಳುತ್ತದೆ, ಹೊಟ್ಟೆಯ ಭಾಗವೇ ಮೇಲು. ಶ್ರಮಕ್ಕೆ ಮುಂಚೆ ಯಂತ್ರದಲ್ಲಿ 90ಕ್ಕಿಂತ ಕಡಿಮೆ ಕಂಡರೆ ಒಂದು ಬಾಳೆಹಣ್ಣನ್ನಾದರೂ ತಿನ್ನಬೇಕು. ಮದ್ಯ ಸೇವಿಸುವವರಿಗೆ ಅಪಾಯ ಇಮ್ಮಡಿ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುವುದಕ್ಕೆ ಅದು ಅಡ್ಡ ಬರುತ್ತದೆ. ಮೇಲಾಗಿ ನೋಡಿದವರು ಅಮಲೆಂದೇ ತಿಳಿಯುತ್ತಾರೆ.

ಕೈ ನಡುಕ, ಬೆವರು, ಎದೆಬಡಿತ, ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು — ಇವು ಕಂಡಾಗ ಪರೀಕ್ಷಿಸಬೇಕು. 70ಕ್ಕಿಂತ ಕೆಳಗಿದ್ದರೆ, ಅಥವಾ ಯಂತ್ರ ಹತ್ತಿರವಿಲ್ಲದಿದ್ದರೆ, ತಡಮಾಡದೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಮತ್ತೊಮ್ಮೆ ಅಷ್ಟೇ. ಏರಿದ ಮೇಲೆ ಊಟ ದೂರವಿದ್ದರೆ ಬಿಸ್ಕೀಟೋ ಚಪಾತಿಯೋ ತಿನ್ನಬೇಕು. ಪೇಡೆ, ಲಾಡು, ಚಾಕಲೇಟು ಆ ಗಳಿಗೆಗೆ ಒದಗುವುದಿಲ್ಲ. ತುಪ್ಪ ಕೊಬ್ಬುಗಳು ಸಕ್ಕರೆಯನ್ನು ತಡೆಹಿಡಿಯುತ್ತವೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆಯೂ ಬೇಗ ಹತ್ತುವುದಿಲ್ಲ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಇದನ್ನು ಅಂಗಡಿಯವರು ಹೇಳುವುದಿಲ್ಲವಾದ್ದರಿಂದ ನಾನು ಒತ್ತಿ ಹೇಳುತ್ತೇನೆ.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ನೀರು ಶ್ವಾಸನಾಳಕ್ಕೆ ಹೋದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಇನ್ಸುಲಿನ್ ಕೊಡಲೇಕೂಡದು.

ಮರುದಿನ ಕಾಕಾ “ಈ ಸೂಜೀನ ಬ್ಯಾಡ” ಎಂದು ಹಟ ಹಿಡಿದರು. ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ವೈದ್ಯರಲ್ಲಿಗೆ ಕರೆದೊಯ್ದೆವು. ಚುಚ್ಚಿಕೊಂಡ ಹೊತ್ತು, ಉಂಡ ಹೊತ್ತು, ಹೊತ್ತ ಭಾರ ಎಲ್ಲವನ್ನೂ ಅವರು ಕೇಳಿ ಬರೆದುಕೊಂಡು ರಾತ್ರಿಯ ಪ್ರಮಾಣವನ್ನು ತಗ್ಗಿಸಿದರು. ಈಗ ಗ್ಲೂಕೋಸ್ ಪೊಟ್ಟಣ ಕಾಕಾನ ಅಂಗಿಯ ಎಡಕಿಸೆಯಲ್ಲಿರುತ್ತದೆ. ಪಾಳಿಯ ಜೊತೆಗಾರರಿಗೆಲ್ಲ ಅದನ್ನು ತೋರಿಸಿಟ್ಟಿದ್ದಾರೆ.