ಘಟ್ಟದ ದಾರಿಯಲ್ಲಿ ಬೈಸಿಕಲ್ಲು: ಒಂದು ಪ್ರವಾಸದ ಲೆಕ್ಕಾಚಾರ

ಬಯಲಿನಲ್ಲಿ ಬೈಸಿಕಲ್ಲು ತುಳಿದು ಅಭ್ಯಾಸವಾದವನು ದಾರಿಯನ್ನು ಕಿಲೋಮೀಟರು ಕಲ್ಲುಗಳಿಂದ ಅಳೆಯುತ್ತಾನೆ. ಗಂಟೆಗೆ ಹದಿನೈದರಂತೆ ನಾಲ್ಕು ಗಂಟೆಗೆ ಅರವತ್ತು. ನಡುವೆ ಊಟಕ್ಕೆ ಒಂದು ಗಂಟೆ. ಅಲ್ಲಿಗೆ ಲೆಕ್ಕ ಮುಗಿಯಿತು. ಇದೇ ಲೆಕ್ಕವನ್ನು ನಂಬಿ ಘಟ್ಟ ಹತ್ತಲು ಹೊರಟವನು ಮೊದಲನೆಯ ದಿನವೇ ಮೋಸಹೋಗುತ್ತಾನೆ.

ನಾನೂ ಹಾಗೆ ಮೋಸಹೋದವನೇ. ಕಾಲೇಜಿನಲ್ಲಿದ್ದಾಗ ನಾವು ಮೂವರು ಗೆಳೆಯರು ಉಡುಪಿಯಿಂದ ಹೊರಟು, ಆಗುಂಬೆಯನ್ನು ಹತ್ತಿ, ಶೃಂಗೇರಿ, ಬಾಳೆಹೊನ್ನೂರು, ಚಿಕ್ಕಮಗಳೂರುಗಳನ್ನು ನೋಡಿಕೊಂಡು, ಚಾರ್ಮಾಡಿ ಘಾಟಿಯಲ್ಲಿ ಇಳಿದು ಊರಿಗೆ ಹಿಂದಿರುಗುವ ಸಂಕಲ್ಪ ಮಾಡಿದೆವು. ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೋಮೀಟರು. ಬೆಳಗ್ಗೆ ಹತ್ತಕ್ಕೆ ಹೊರಟರೆ ಮೂರು ಗಂಟೆಗೆ ಮೇಲಿರುತ್ತೇವೆ, ಪ್ರಸಿದ್ಧವಾದ ಸೂರ್ಯಾಸ್ತವನ್ನು ನಿಧಾನವಾಗಿ ನೋಡಬಹುದು ಎಂದುಕೊಂಡೆವು. ನಾವು ಮೇಲೆ ತಲಪಿದಾಗ ಸೂರ್ಯನು ಮುಳುಗಿ ಒಂದು ಗಂಟೆಯ ಮೇಲಾಗಿತ್ತು. ಹದಿನಾಲ್ಕು ಸುತ್ತುಗಳಲ್ಲಿ ಹೆಚ್ಚಿನವನ್ನು ಬೈಸಿಕಲ್ಲು ತಳ್ಳಿಕೊಂಡೇ ಹತ್ತಿದ್ದೆವು, ಕೊನೆಯವನ್ನು ಕತ್ತಲೆಯಲ್ಲಿ. ಇದಕ್ಕಿಂತ ಕೆಟ್ಟದ್ದೊಂದು ಚಾರ್ಮಾಡಿಯಲ್ಲಿ ಕಾದಿತ್ತು. ಅದನ್ನು ಮುಂದೆ ಹೇಳುತ್ತೇನೆ. ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಲು ಹೈಸ್ಕೂಲಿನ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಸವಾರನ ತೂಕ 60 ಕಿಲೋಗ್ರಾಂ, ಬೈಸಿಕಲ್ಲಿನದು 15, ಹೊರೆಯದು 10, ಒಟ್ಟು 85 ಎಂದು ಇಟ್ಟುಕೊಳ್ಳೋಣ. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರು ವೇಗದಿಂದ ಹೋಗುವಾಗ ಅವನನ್ನು ಎದುರಿಸುವ ಬಲಗಳು ಎರಡು. ಒಂದು, ಚಕ್ರಗಳು ಉರುಳುವುದರಿಂದ ಉಂಟಾಗುವ ಘರ್ಷಣೆ. ಇದು ಸುಮಾರು 7 ನ್ಯೂಟನ್. ಇನ್ನೊಂದು ಗಾಳಿಯ ತಡೆ. ಈ ವೇಗದಲ್ಲಿ ಸುಮಾರು 6 ನ್ಯೂಟನ್. ಎರಡೂ ಸೇರಿ 13. ಅಂದರೆ ಒಂದು ಕಿಲೋಮೀಟರು ಸಾಗಲು ಸವಾರನು ಮಾಡಬೇಕಾದ ಕೆಲಸ 13 ಕಿಲೋಜೂಲ್ ಮಾತ್ರ. ಇಷ್ಟು ಅಲ್ಪಶ್ರಮದಲ್ಲಿ ಮನುಷ್ಯನನ್ನು ಹೊತ್ತೊಯ್ಯುವ ಯಂತ್ರ ಮತ್ತೊಂದಿಲ್ಲವೆಂದರೂ ತಪ್ಪಾಗಲಾರದು.

ಆದರೆ ಇದೇ 85 ಕಿಲೋಗ್ರಾಮನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಗುರುತ್ವಾಕರ್ಷಣೆಯ ವಿರುದ್ಧ ಮಾಡಬೇಕಾದ ಕೆಲಸವೆಷ್ಟು? 85ನ್ನು 9.8ರಿಂದಲೂ ಮತ್ತೆ 100ರಿಂದಲೂ ಗುಣಿಸಿದರೆ 83,300 ಜೂಲ್, ಅಂದರೆ 83 ಕಿಲೋಜೂಲ್ ಬರುತ್ತದೆ. ಇದನ್ನು 13ರಿಂದ ಭಾಗಿಸಿದರೆ ಆರಕ್ಕಿಂತ ಸ್ವಲ್ಪ ಹೆಚ್ಚು. ಆದುದರಿಂದ ನೂರು ಮೀಟರಿನ ಪ್ರತಿಯೊಂದು ಏರಿಕೆಯೂ ಬಯಲಿನ ಆರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಶ್ರಮಕ್ಕೆ ಸಮ. ಗುಡ್ಡಗಾಡಿನ ಪ್ರವಾಸವನ್ನು ಯೋಜಿಸುವವನು ನೆನಪಿನಲ್ಲಿಡಬೇಕಾದ ಒಂದೇ ಒಂದು ಸಂಖ್ಯೆ ಇದು. ಕಲ್ಲುಗಳು ಹೇಳುವ ದೂರಕ್ಕೆ, ಏರಿಕೆಯ ನೂರು ಮೀಟರಿಗೆ ಆರರಂತೆ ಕೂಡಿಸಿದರೆ ಬರುವುದೇ ನಿಜವಾದ ದೂರ.

ಈಗ ಆಗುಂಬೆಯನ್ನು ನೋಡೋಣ. ಘಾಟಿಯ ಬುಡದಲ್ಲಿ ಸೋಮೇಶ್ವರ. ಅಲ್ಲಿಂದ ಮೇಲಕ್ಕೆ ರಸ್ತೆ ಸುಮಾರು 10 ಕಿಲೋಮೀಟರು, ಏರಿಕೆ ಸುಮಾರು 550 ಮೀಟರು ಎಂದು ಹಿಡಿಯೋಣ. ಏರುವುದಕ್ಕೆ 458 ಕಿಲೋಜೂಲ್. ಚಕ್ರಗಳ ಘರ್ಷಣೆಗೆ ಮತ್ತೆ 67. ಒಟ್ಟು 525 ಕಿಲೋಜೂಲ್. ಹತ್ತು ಕಿಲೋಮೀಟರೆಂದು ಕಲ್ಲು ಹೇಳುವ ಈ ದಾರಿ ಬಯಲಿನ ನಲವತ್ತು ಕಿಲೋಮೀಟರಿಗೆ ಸಮವಾಯಿತು! ಆರೋಗ್ಯವಂತನಾದ ತರುಣನು ಗಂಟೆಗಟ್ಟಲೆ ಬಿಡದೆ ಒದಗಿಸಬಲ್ಲ ಸಾಮರ್ಥ್ಯವನ್ನು 100 ವಾಟ್ ಎಂದು ಭಾವಿಸಿದರೆ, ಈ ಘಾಟಿಗೆ ಎಲ್ಲಿಯೂ ನಿಲ್ಲದೆ ಸುಮಾರು ಒಂದೂವರೆ ಗಂಟೆ ಬೇಕು. ಇದೂ ಅವನ ಬೈಸಿಕಲ್ಲು ತಕ್ಕುದಾಗಿದ್ದರೆ ಮಾತ್ರ. ನಮ್ಮವು ತಕ್ಕುದಾಗಿರಲಿಲ್ಲ.

ನಮ್ಮ ಮೂವರಲ್ಲೂ ಇದ್ದವು ಗೇರಿಲ್ಲದ ಸಾಮಾನ್ಯ ಬೈಸಿಕಲ್ಲುಗಳು: ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ಬಂದರೆ ಇಂತಹ ಬೈಸಿಕಲ್ಲು ಸುಮಾರು 5.4 ಮೀಟರು ಮುಂದಕ್ಕೆ ಹೋಗುತ್ತದೆ. ಬಯಲಿಗೆ ಇದು ಬಹಳ ಹಿತವಾದ ಅಳತೆ. ಆದರೆ ನೂರಕ್ಕೆ ಐದೂವರೆಯ ಏರಿನಲ್ಲಿ ಎದುರಾಗುವ ಬಲ 13 ನ್ಯೂಟನ್ ಅಲ್ಲ, 52. ನೂರು ವಾಟಿನ ಸವಾರನು ಅಲ್ಲಿ ಗಂಟೆಗೆ ಏಳು ಕಿಲೋಮೀಟರಿನಷ್ಟು ಮಾತ್ರ ಹೋಗಬಲ್ಲ. ಆಗ ಅವನ ಕಾಲು ನಿಮಿಷಕ್ಕೆ ಇಪ್ಪತ್ತೊಂದು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಪೆಡಲಿನ ಮೇಲೆ ಸರಾಸರಿ 27 ಕಿಲೋಗ್ರಾಂ ತೂಕದಷ್ಟು ಒತ್ತಬೇಕು. ಪೆಡಲು ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿದ್ದಾಗ ಒತ್ತಿ ಫಲವಿಲ್ಲವಾದ್ದರಿಂದ, ನಡುವೆ ಒತ್ತಬೇಕಾದದ್ದು ಅದರ ಎರಡರಷ್ಟಕ್ಕೆ ಹತ್ತಿರವಾಗುತ್ತದೆ. ಅಂದರೆ ಪ್ರತಿಯೊಂದು ತುಳಿತಕ್ಕೂ ಹೆಚ್ಚುಕಡಿಮೆ ಮೈಯ ತೂಕವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಬೇಕು. ಮಂಡಿ ಇದನ್ನು ಹತ್ತು ನಿಮಿಷ ಸಹಿಸೀತು. ಒಂದೂವರೆ ಗಂಟೆ ಸಹಿಸದು.

ಮುಂದೆ 28 ಹಲ್ಲು, ಹಿಂದೆ 32 ಹಲ್ಲು ಇರುವ ಗೇರನ್ನು ಹಾಕಿಕೊಂಡವನ ಸ್ಥಿತಿಯೇ ಬೇರೆ. ಪೆಡಲಿನ ಸುತ್ತಿಗೆ ಅವನ ಬೈಸಿಕಲ್ಲು ಎರಡು ಮೀಟರಿಗೂ ಕಡಿಮೆ ಮುಂದುವರಿಯುತ್ತದೆ. ವೇಗ ಅದೇ ಏಳು ಕಿಲೋಮೀಟರು, ಕೆಲಸವೂ ಅಷ್ಟೇ. ಆದರೆ ಕಾಲು ನಿಮಿಷಕ್ಕೆ ಸುಮಾರು ಅರವತ್ತು ಸಲ ತಿರುಗುತ್ತದೆ, ಸರಾಸರಿ ಒತ್ತಡ ಹತ್ತು ಕಿಲೋಗ್ರಾಮಿಗೆ ಇಳಿಯುತ್ತದೆ. ಗೇರು ನಮಗೆ ಶಕ್ತಿಯನ್ನು ಕೊಡುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೊಡ್ಡ ಸಾಲವನ್ನು ಸಣ್ಣ ಕಂತುಗಳಾಗಿ ಒಡೆದುಕೊಡುವ ಸಾಹುಕಾರನಂತೆ ಅದು. ತೀರಿಸಬೇಕಾದದ್ದು ಒಂದು ಕಾಸೂ ಕಡಿಮೆಯಾಗದು. ಇಷ್ಟು ಸರಳವಾದ ಸಂಗತಿಯನ್ನು ಒಪ್ಪಿಕೊಳ್ಳಲು ಪ್ರಪಂಚಕ್ಕೆ ಬಹಳ ಕಾಲ ಹಿಡಿಯಿತು. ಫ್ರಾನ್ಸ್ ದೇಶದ ಸುಪ್ರಸಿದ್ಧ ಬೈಸಿಕಲ್ ಪಂದ್ಯವು 1910ರಲ್ಲೇ ಪಿರನೀಸ್ ಪರ್ವತದ 2,115 ಮೀಟರು ಎತ್ತರದ ಟೂರ್ಮಲೆ ಕಣಿವೆಯನ್ನು ಹತ್ತಿಳಿಯಿತು. ಆದರೂ ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಗೇರಿಗೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನೇ ಕಳಚಿ, ಇನ್ನೊಂದು ಪಕ್ಕದ ದೊಡ್ಡ ಹಲ್ಲುಚಕ್ರ ಸರಪಳಿಗೆ ಸಿಗುವಂತೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೇರು ಮುದುಕರಿಗೆ ಮಾತ್ರ ಎಂಬ ಅಭಿಮಾನವು ಇಂದಿನ ತರುಣರಲ್ಲಿಯೂ ಅಲ್ಲಲ್ಲಿ ಕಾಣಬರುತ್ತದೆ.

ಹೊಟ್ಟೆಯ ಲೆಕ್ಕವನ್ನೂ ಮಾಡಬೇಕು. ನಮ್ಮ ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ. ಆದುದರಿಂದ 525 ಕಿಲೋಜೂಲ್ ಕೆಲಸಕ್ಕೆ 2,100 ಕಿಲೋಜೂಲ್, ಅಂದರೆ 500 ಕಿಲೋಕ್ಯಾಲೊರಿ ವೆಚ್ಚ. ಸುಮಾರು ಐದು ಬಾಳೆಹಣ್ಣುಗಳಷ್ಟು. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈಯನ್ನು ಕಾಯಿಸುತ್ತದೆ. ಅದನ್ನು ಹೊರಹಾಕಲು ಅರ್ಧ ಲೀಟರಿಗಿಂತ ಹೆಚ್ಚು ಬೆವರು ಆರಬೇಕು. ಕರಾವಳಿಯ ಹಸಿಗಾಳಿಯಲ್ಲಿ ಬೆವರು ಆರುವುದಕ್ಕಿಂತ ತೊಟ್ಟಿಕ್ಕುವುದೇ ಹೆಚ್ಚು. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪುಮಾಡದು. ಆದುದರಿಂದ ಘಾಟಿಯ ಬುಡದಲ್ಲಿ ಎರಡು ಲೀಟರು ನೀರನ್ನು ತುಂಬಿಕೊಂಡು, ಸೂರ್ಯ ಮೇಲೇರುವ ಮೊದಲೇ ಹೊರಡುವುದು ಕ್ಷೇಮ. ಮೊದಲನೆಯ ರಾತ್ರಿ ಹೆಬ್ರಿಯಲ್ಲಿ ತಂಗಿ, ಎರಡನೆಯ ದಿನ ನಸುಕಿನಲ್ಲಿ ಘಾಟಿಗೆ ಬಿದ್ದರೆ, ಮಧ್ಯಾಹ್ನದ ಊಟಕ್ಕೆ ಆಗುಂಬೆ, ಸಂಜೆಗೆ ಶೃಂಗೇರಿ.

ಇನ್ನು ಮಲೆನಾಡಿನೊಳಗಿನ ದಾರಿ. ಘಟ್ಟ ಹತ್ತಿದ ಮೇಲೆ ಕಷ್ಟ ಮುಗಿಯಿತೆಂದು ತಿಳಿಯುವುದು ಎರಡನೆಯ ತಪ್ಪು. ಶೃಂಗೇರಿ ಮತ್ತು ಬಾಳೆಹೊನ್ನೂರುಗಳ ಎತ್ತರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದು ಊರಿನ ಎತ್ತರದಿಂದ ಇನ್ನೊಂದರದನ್ನು ಕಳೆದು, ಏರಿಕೆಯೇ ಇಲ್ಲವೆಂದು ನಾವು ಸಂತೋಷಪಟ್ಟಿದ್ದೆವು. ಆದರೆ ಶೃಂಗೇರಿ ಇರುವುದು ತುಂಗೆಯ ದಡದಲ್ಲಿ, ಬಾಳೆಹೊನ್ನೂರು ಭದ್ರೆಯ ದಡದಲ್ಲಿ. ಎರಡು ನದಿಗಳು ಬೇರೆ ಬೇರೆಯಾಗಿ ಹರಿಯಬೇಕಾದರೆ ಅವುಗಳ ನಡುವೆ ನೀರನ್ನು ಇಬ್ಭಾಗಿಸುವ ದಿಣ್ಣೆಯೊಂದು ಇರಲೇಬೇಕಷ್ಟೆ! ದಾರಿ ಅದನ್ನು ಹತ್ತಿ ಇಳಿಯಲೇಬೇಕು. ನದಿಯಿಂದ ನದಿಗೆ ಹೋಗುವ ದಾರಿಯಲ್ಲಿ ಏರು ಇಲ್ಲವೆಂದು ಯಾರು ಹೇಳಿದರೂ ನಂಬಬೇಡಿರಿ.

ಇದನ್ನು ಮೊದಲೇ ತಿಳಿಯಲು ಭೂಪಟದಲ್ಲಿ ಸಮೋನ್ನತಿ ರೇಖೆಗಳನ್ನು ಓದಬೇಕು. ಭಾರತ ಸರ್ವೇಕ್ಷಣ ಇಲಾಖೆಯ ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ನಕ್ಷೆಗಳಲ್ಲಿ ಈ ರೇಖೆಗಳು ಸಾಮಾನ್ಯವಾಗಿ 20 ಮೀಟರಿಗೆ ಒಂದರಂತೆ ಇರುತ್ತವೆ. ಹೋಗುವ ದಿಕ್ಕಿನಲ್ಲಿ ಪೆನ್ಸಿಲನ್ನು ರಸ್ತೆಯ ಮೇಲೆ ಎಳೆಯುತ್ತ, ಏರುವಾಗ ದಾಟಿದ ರೇಖೆಗಳನ್ನು ಮಾತ್ರ ಎಣಿಸಿ ಇಪ್ಪತ್ತರಿಂದ ಗುಣಿಸಬೇಕು. ಇಳಿಯುವಾಗ ದಾಟಿದವನ್ನು ಕಳೆಯಲಾಗದು. ಇಳಿಜಾರಿನಲ್ಲಿ ದೊರೆತ ವೇಗವನ್ನೆಲ್ಲ ಗಾಳಿ ಮತ್ತು ಬ್ರೇಕುಗಳು ತಿಂದುಬಿಡುತ್ತವೆ. ಈಗ ಕಿಸೆಯ ಫೋನೇ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಆದರೂ ಒಂದು ದಿನದ ದಾರಿಯನ್ನಾದರೂ ಕೈಯಾರೆ ಎಣಿಸಿ ನೋಡಿದವನಿಗೆ ಬೆಟ್ಟದ ಆಕಾರವೇ ಕಣ್ಣಿಗೆ ಕಟ್ಟುತ್ತದೆ. ಸಂಕೇತ ಸಿಗದ ಕಾಡಿನ ನಡುವೆ ಅದು ಉಪಯೋಗಕ್ಕೂ ಬರುತ್ತದೆ. ಕೂಡಿಸಿದ ದೂರ ದಿನಕ್ಕೆ 90 ಕಿಲೋಮೀಟರು ಮೀರದಂತೆ ತಂಗುವ ಊರುಗಳನ್ನು ಗೊತ್ತುಮಾಡಿರಿ. ಕತ್ತಲಾಗುವ ಎರಡು ಗಂಟೆ ಮೊದಲೇ ಊರು ಸೇರುವಂತಿರಬೇಕು; ಮೂಡಿಗೆರೆಯ ಕಡೆ ಆನೆಗಳ ಓಡಾಟವಿದೆ, ಸದ್ದಿಲ್ಲದೆ ಬರುವ ಬೈಸಿಕಲ್ಲು ಅವುಗಳಿಗೂ ಸವಾರನಿಗೂ ಏಕಕಾಲದಲ್ಲಿ ಆಶ್ಚರ್ಯವುಂಟುಮಾಡುತ್ತದೆ. ಕಾಲದ ಮಾತು ಹೇಳಬೇಕಾದುದೇ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಹೋಗುವುದು ಸಾಹಸವಲ್ಲ, ಅವಿವೇಕ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು.

ನಾವು ಹೋದದ್ದು ನವೆಂಬರಿನಲ್ಲಿ. ಆರನೆಯ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿಯನ್ನು ಇಳಿಯತೊಡಗಿದಾಗ ಅಕಾಲದ ತುಂತುರು ಹಿಡಿಯಿತು. ಇಳಿಯುವುದಕ್ಕೆ ಶ್ರಮವೇನಿದೆ ಎಂದು ಆ ದಿನಕ್ಕೆ ನಾವು ಲೆಕ್ಕವನ್ನೇ ಮಾಡಿರಲಿಲ್ಲ. ಹತ್ತುವಾಗ ನಾವು ಬೆಟ್ಟಕ್ಕೆ ಕೊಟ್ಟ ಶಕ್ತಿಯನ್ನು ಇಳಿಯುವಾಗ ಬೆಟ್ಟ ನಮಗೆ ಹಿಂದಕ್ಕೆ ಕೊಡುತ್ತದೆ, ಮತ್ತು ಅದನ್ನು ಎಲ್ಲಿಯಾದರೂ ಹಾಕಲೇಬೇಕು. ನೆಟ್ಟಗಿನ ರಸ್ತೆಯಾದರೆ ಗಾಳಿಯೇ ಅದನ್ನು ಹೀರಿಕೊಂಡೀತು: ನೂರಕ್ಕೆ ಐದೂವರೆಯ ಇಳಿಜಾರಿನಲ್ಲಿ ನಮ್ಮ ಸವಾರನ ವೇಗ ಗಂಟೆಗೆ 37 ಕಿಲೋಮೀಟರಿನಷ್ಟಾದಾಗ ಗಾಳಿಯ ತಡೆ ಮತ್ತು ಘರ್ಷಣೆಗಳು ಇಳಿಜಾರಿನ ಸೆಳೆತಕ್ಕೆ ಸಮವಾಗಿ, ವೇಗ ಮುಂದಕ್ಕೆ ಹೆಚ್ಚದು. ಆದರೆ ಹೇರ್‌ಪಿನ್ ತಿರುವಿನಲ್ಲಿ ಆ ವೇಗ ಸಾಧ್ಯವಿಲ್ಲ. ಬ್ರೇಕು ಹಿಡಿಯಲೇಬೇಕು, ಶಕ್ತಿಯೆಲ್ಲ ರಿಮ್ಮಿನಲ್ಲಿ ಶಾಖವಾಗಲೇಬೇಕು. ಅರ್ಧ ಕಿಲೋಗ್ರಾಂ ತೂಗುವ ಎರಡು ಅಲ್ಯೂಮಿನಿಯಂ ರಿಮ್ಮುಗಳು ಐವತ್ತು ಮೀಟರು ಇಳಿತದ ಶಕ್ತಿಯನ್ನೆಲ್ಲ ಹೀರಿದರೆ ಅವುಗಳ ಉಷ್ಣತೆ 46 ಡಿಗ್ರಿಯಷ್ಟು ಏರಬೇಕಾಗುತ್ತದೆ. ಚಾರ್ಮಾಡಿಯ ಇಳಿತ ಆರೇಳುನೂರು ಮೀಟರು! ಗಾಳಿ ರಿಮ್ಮುಗಳನ್ನು ತಣಿಸುತ್ತಿರುವುದರಿಂದ ಮಾತ್ರ ನಾವು ಬದುಕುತ್ತೇವೆ. ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಮೆಲ್ಲಗೆ ಇಳಿಯುವವನು ಶಾಖವನ್ನು ಹುಟ್ಟಿಸುತ್ತಲೇ ಇರುತ್ತಾನೆ, ತಣಿಸುವ ಗಾಳಿಯನ್ನು ಮಾತ್ರ ಕಡಿಮೆಮಾಡಿಕೊಳ್ಳುತ್ತಾನೆ. ರಬ್ಬರು ಕಟ್ಟೆಗಳು ಕಾದು ನುಣುಪಾಗುತ್ತವೆ; ಟ್ಯೂಬಿನೊಳಗಿನ ಗಾಳಿಯ ಒತ್ತಡ ಏರುತ್ತದೆ.

ನನ್ನ ಗೆಳೆಯನ ಬೈಸಿಕಲ್ಲಿಗೆ ಉಕ್ಕಿನ ರಿಮ್ಮುಗಳಿದ್ದವು. ಉಕ್ಕಿನ ನುಣುಪಾದ ಮೈ ಒದ್ದೆಯಾದರೆ ರಬ್ಬರು ಅದನ್ನು ಹಿಡಿಯುವುದೇ ಇಲ್ಲವೆನ್ನಬಹುದು. ಒಂದು ತಿರುವಿನಲ್ಲಿ ಅವನು ಎರಡೂ ಬ್ರೇಕುಗಳನ್ನು ಪೂರ್ತಿ ಎಳೆದಿದ್ದರೂ ಬೈಸಿಕಲ್ಲು ನಿಲ್ಲಲಿಲ್ಲ. ಅವನಿಗೆ ಕಡೆಯ ಕ್ಷಣದಲ್ಲಿ ಒಳ್ಳೆಯ ಬುದ್ಧಿ ಹೊಳೆಯಿತು: ಕಣಿವೆಯ ಕಡೆಗೆ ಬಿಡದೆ ಹ್ಯಾಂಡಲನ್ನು ಬೆಟ್ಟದ ಬದಿಯ ಚರಂಡಿಗೆ ತಿರುಗಿಸಿದ. ಕೊರಳೆಲುಬು ಮುರಿಯಿತು, ಪ್ರಾಣ ಉಳಿಯಿತು. ಲಾರಿಯೊಂದು ಅವನನ್ನು ಉಜಿರೆಗೆ ಮುಟ್ಟಿಸಿತು.

ಆದುದರಿಂದ ಇಳಿಯುವ ದಿನಕ್ಕೂ ಬೇರೆಯೇ ಲೆಕ್ಕವಿರಲಿ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ಒಣರಸ್ತೆಯಲ್ಲಿ ಗಂಟೆಗೆ 18 ಕಿಲೋಮೀಟರಿನಿಂದ ನಿಲ್ಲಲು ನಾಲ್ಕು ಮೀಟರು ಸಾಕಾದರೆ, 36ರಿಂದ ನಿಲ್ಲಲು ಹದಿನಾರಕ್ಕಿಂತ ಹೆಚ್ಚು ಬೇಕು. ಬ್ರೇಕು ಹಿಡಿಯಬೇಕೆಂದು ಹೊಳೆಯುವ ಮೊದಲೇ ಹೋಗಿಬಿಡುವ ಹತ್ತು ಮೀಟರು ಇದಕ್ಕೆ ಸೇರಿಲ್ಲ. ವೇಗವನ್ನು ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಇಳಿಸಬೇಕು; ನೆಟ್ಟಗಿನ ತುಂಡುಗಳಲ್ಲಿ ಬ್ರೇಕನ್ನು ಪೂರ್ತಿ ಬಿಟ್ಟು ರಿಮ್ಮುಗಳಿಗೆ ಗಾಳಿ ಕೊಡಬೇಕು. ರಿಮ್ಮಿನ ಬದಲು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕುಗಳು ಮಳೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಶಾಖದ ನಿಯಮ ಮಾತ್ರ ಅವಕ್ಕೂ ಬಿಟ್ಟದ್ದಲ್ಲ. ಹೊರಡುವ ಮುನ್ನಾದಿನ ಹೊಸ ರಬ್ಬರು ಕಟ್ಟೆಗಳನ್ನು ಹಾಕಿಸಿ, ಒಂದು ಜೊತೆಯನ್ನು ಚೀಲದಲ್ಲಿಯೂ ಇಟ್ಟುಕೊಳ್ಳಿರಿ. ಎರಡು ಮೂರು ತಿರುವುಗಳಿಗೊಮ್ಮೆ ಅಗಲವಾದ ಜಾಗ ನೋಡಿ ನಿಂತು, ಸೀಸೆಯಿಂದ ಒಂದು ತೊಟ್ಟು ನೀರನ್ನು ರಿಮ್ಮಿನ ಮೇಲೆ ಬಿಡಿರಿ. ಅದು ಚುರುಗುಟ್ಟಿದರೆ ಕಾಲು ಗಂಟೆ ಕುಳಿತು ಕಣಿವೆಯನ್ನು ನೋಡಿರಿ; ಚಾರ್ಮಾಡಿಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ.