ತನ್ನತ್ತಲೇ ಮರಳುವ ದತ್ತಾಂಶದ ಸರಣೀಕರಣ

ಗಣಕದ ಸ್ಮೃತಿಯಲ್ಲಿ ಜಾಲದಂತೆ ಹೆಣೆದುಕೊಂಡಿರುವ ದತ್ತಾಂಶವನ್ನು ಕಡತದಲ್ಲಿ ಉಳಿಸಬೇಕಾದರೆ ಅದನ್ನು ಒಂದೇ ಸಾಲಾಗಿ ಬರೆದಿಡಬೇಕು. ಇದಕ್ಕೆ ಸರಣೀಕರಣವೆಂದು ಹೆಸರು.

ಪ್ರಸಾದನಿಲಯವೊಂದರ ದಾಖಲೆಯನ್ನು ಊಹಿಸಿಕೊಳ್ಳೋಣ. ಕೊಠಡಿಯ ದಾಖಲೆಯಲ್ಲಿ ವಿದ್ಯಾರ್ಥಿಗಳ ಪಟ್ಟಿಯಿದೆ. ಪ್ರತಿ ವಿದ್ಯಾರ್ಥಿಯ ದಾಖಲೆಯಲ್ಲಿ ಅವನ ಕೊಠಡಿಯ ನಿರ್ದೇಶವಿದೆ. ಕೊಠಡಿಯನ್ನು ಬರೆಯಹೊರಟರೆ ವಿದ್ಯಾರ್ಥಿಯನ್ನು ಬರೆಯಬೇಕು. ವಿದ್ಯಾರ್ಥಿಯನ್ನು ಬರೆಯಹೊರಟರೆ ಮತ್ತೆ ಕೊಠಡಿ. ಗಾಣದೆತ್ತಿನ ದಾರಿಗೆ ಕೊನೆಯುಂಟೆ? ಪೈಥಾನ್ ಭಾಷೆಯ 'ಜೇಸನ್' ವಿಭಾಗವು ಈ ಚಕ್ರವನ್ನು ಕಂಡೊಡನೆ ದೋಷವೆಂದು ಸಾರಿ ನಿಲ್ಲುತ್ತದೆ. ಅದನ್ನು ದೂರಿ ಫಲವಿಲ್ಲ. 'ಹಿಂದೆ ಬಂದ ಅದೇ ವಸ್ತು' ಎಂದು ಹೇಳುವ ಸಂಕೇತವೇ ಜೇಸನ್ ರೂಪದಲ್ಲಿಲ್ಲ.

ಅದೇ ಭಾಷೆಯ 'ಪಿಕಲ್' ವಿಭಾಗ (ಉಪ್ಪಿನಕಾಯಿಯಂತೆ ಕೆಡದೆ ಇಡುವುದೆಂಬ ಅರ್ಥದ ಹೆಸರು) ಕಂಡ ವಸ್ತುಗಳ ಟಿಪ್ಪಣಿಯನ್ನಿಟ್ಟುಕೊಳ್ಳುತ್ತದೆ. ಪಟ್ಟಿಯೊಂದು ಎದುರಾದಾಗ ಮೊದಲು ಬರಿದಾದ ಪಟ್ಟಿಯನ್ನು ಬರೆದು, ಅದಕ್ಕೆ ಸಂಖ್ಯೆಯಿತ್ತು, ಅನಂತರವೇ ಒಳಗಿನದನ್ನು ತುಂಬುತ್ತದೆ. ಆ ಪಟ್ಟಿ ಮತ್ತೆ ಎದುರಾದರೆ ಸಂಖ್ಯೆಯನ್ನಷ್ಟೇ ಬರೆಯುತ್ತದೆ. ಈ ಕ್ರಮ ತಪ್ಪಿ ಒಳಗಿನದನ್ನೇ ಮೊದಲು ಬರೆಯಹೊರಟರೆ ಚಕ್ರ ಮುರಿಯದು.

ಚಕ್ರವಿಲ್ಲದೆಡೆಯಲ್ಲಿಯೂ ಈ ಸಂಖ್ಯೆಯ ಉಪಕಾರ ದೊಡ್ಡದು. ಒಂದೇ ಕೊಠಡಿಯನ್ನು ಇಬ್ಬರ ದಾಖಲೆಯಲ್ಲಿಯೂ ಪೂರ್ತಿಯಾಗಿ ಬರೆದರೆ, ಮರಳಿ ಓದಿದಾಗ ಕೊಠಡಿಗಳು ಎರಡಾಗುತ್ತವೆ. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದನ್ನು ಮುಟ್ಟುವುದಿಲ್ಲ. ಯಾವ ದೋಷಸೂಚನೆಯೂ ಇಲ್ಲದೆ ದಾಖಲೆ ಸುಳ್ಳಾಗುತ್ತದೆ. ನಿಂತುಹೋಗುವ ಕಾರ್ಯಕ್ರಮಕ್ಕಿಂತ ಇದೇ ಹೆಚ್ಚು ಅಪಾಯಕರ.

ಆದರೆ ಅಪರಿಚಿತರಿಂದ ಬಂದ ಪಿಕಲ್ ಕಡತವನ್ನು ಓದಿಸಲೇಬಾರದು. ಓದುವಾಗಲೇ ಅದರೊಳಗಿನ ಆಜ್ಞೆಗಳು ನಡೆದುಬಿಡಬಲ್ಲವು. ಅಂತಹ ವಿನಿಮಯಕ್ಕೆ ಜೇಸನ್ನನ್ನೇ ಬಳಸಿ, ವಿದ್ಯಾರ್ಥಿಯ ದಾಖಲೆಯಲ್ಲಿ ಕೊಠಡಿಯ ಬದಲು ಕೊಠಡಿಯ ಸಂಖ್ಯೆಯನ್ನು ಬರೆದು, ಓದಿದ ಬಳಿಕ ಕೊಂಡಿಗಳನ್ನು ಮತ್ತೆ ಬೆಸೆಯುವುದು ಲೇಸು.